ಚೀಟಿಯ ಆಂಪ್ ಬೇರೆ, ಮೋಟರಿನ ಆಂಪ್ ಬೇರೆ

ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ನಿಂತುಬಿಟ್ಟರೆ ಸವಾರ ಮೊದಲು ಬೈಯುವುದು ಬ್ಯಾಟರಿಯನ್ನು. ಮುಟ್ಟಿ ನೋಡಿದರೆ ಅದು ತಣ್ಣಗೇ ಇರುತ್ತದೆ. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹದವಾಗಿ ಹಂಚುವ ಕಂಟ್ರೋಲರ್ ಮಾತ್ರ ಕೈ ಇಡಲಾಗದಷ್ಟು ಕಾದಿರುತ್ತದೆ.

ಇಂಥ ಸ್ಕೂಟರಿನ ಬಿಎಲ್‌ಡಿಸಿ (ಬ್ರಷ್‌ಲೆಸ್ ಡಿಸಿ) ಮೋಟರಿಗೆ, ಕರೆಂಟನ್ನು ಸುರುಳಿಯಿಂದ ಸುರುಳಿಗೆ ಬದಲಿಸುವ ಬ್ರಷ್ ಇಲ್ಲ. ಮೋಟರಿನ ಸುರುಳಿಗೆ ಹೋಗುವ ಮೂರು ಫೇಸ್ ತಂತಿಗಳಿಗೆ ಸರದಿಯಂತೆ ಕರೆಂಟ್ ಕೊಡುವುದು ಕಂಟ್ರೋಲರಿನ ಆರು ಮಾಸ್‌ಫೆಟ್‌ಗಳು (ಎಲೆಕ್ಟ್ರಾನಿಕ್ ಸ್ವಿಚ್‌ಗಳು), ಒಂದೊಂದು ತಂತಿಗೆ ಎರಡೆರಡು. ಕಂಟ್ರೋಲರ್ ಕೊಳ್ಳುವವರು ‘48 ವೋಲ್ಟ್, 20 ಆಂಪ್’ ಎಂಬ ಚೀಟಿ ಓದಿ ದುಡ್ಡು ಕೊಡುತ್ತಾರೆ. ಸಾಮಾನ್ಯವಾಗಿ ಆ 20 ಆಂಪ್ ಬ್ಯಾಟರಿಯ ಲೆಕ್ಕ. ಮಾಸ್‌ಫೆಟ್ ಹೊರುವ ಲೆಕ್ಕ ಬೇರೆ.

ಸವಾರರಿಬ್ಬರು, ವಾಹನ ಸೇರಿ 180 ಕಿಲೊ, ಏರು ಶೇ. 6, ಚಕ್ರದ ತ್ರಿಜ್ಯ 22 ಸೆಂ.ಮೀ. ಎಂದಿಟ್ಟುಕೊಳ್ಳಿ. ಹತ್ತಲು, ಚಕ್ರ ಉರುಳುವ ಘರ್ಷಣೆಯೂ ಸೇರಿ, ಸುಮಾರು 29 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಬೇಕು. ಆಂಪಿಗೆ 0.9 ನ್ಯೂಟನ್-ಮೀಟರ್ ಕೊಡುವ, ಚಕ್ರದೊಳಗೇ ಕೂತ ಹಬ್ ಮೋಟರಾದರೆ ಫೇಸಿನಲ್ಲಿ 32 ಆಂಪ್ ಹರಿಯಬೇಕು. ಗಂಟೆಗೆ 15 ಕಿ.ಮೀ. ವೇಗದಲ್ಲಿ ಆಗ ಬ್ಯಾಟರಿಯಿಂದ ಹೊರಡುವುದು ಸುಮಾರು 15 ಆಂಪ್. ಏರಿನ ನಡುವೆ ನಿಂತು ಮತ್ತೆ ಹೊರಡುವಾಗ? ಚಕ್ರ ತಿರುಗುತ್ತಿಲ್ಲ, ತಿರುಗುವ ಮೋಟರ್ ಎದುರಾಗಿ ಹುಟ್ಟಿಸುವ ವೋಲ್ಟೇಜ್, ಅಂದರೆ ಬ್ಯಾಕ್ ಇಎಂಎಫ್, ಇಲ್ಲ. ಸುರುಳಿಯ ರೋಧ 0.15 ಓಮ್ ಇದ್ದರೆ 32 ಆಂಪ್ ಹರಿಸಲು 5 ವೋಲ್ಟ್ ಸಾಕು. ಕಂಟ್ರೋಲರ್ 48 ವೋಲ್ಟನ್ನು ಇಳಿಸಿ ಕರೆಂಟನ್ನು ಏರಿಸುವುದರಿಂದ ಬ್ಯಾಟರಿಯಿಂದ ಮೂರು ಚಿಲ್ಲರೆ ಆಂಪ್ ಅಷ್ಟೇ. ಮಾಸ್‌ಫೆಟ್ ಹೊತ್ತಿರುವುದು ಪೂರ್ತಿ 32. ಬ್ಯಾಟರಿ ಕರೆಂಟನ್ನಷ್ಟೇ ಕಾಯುವ ಕಂಟ್ರೋಲರ್ ಇಲ್ಲಿ ಕುರುಡು: ಥ್ರಾಟಲ್ ಪೂರ್ತಿ ತಿರುವಿದರೆ 48×20, ಅಂದರೆ 960 ವ್ಯಾಟ್ ಸುರುಳಿಯಲ್ಲೇ ಉರಿದು ಫೇಸ್ ಕರೆಂಟ್ 80 ಆಂಪ್ ಮುಟ್ಟಬಹುದು. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಫೇಸ್ ಕರೆಂಟಿಗೆ ಬೇರೆ ಮಿತಿ ಇದೆಯೇ?

ನಿಧಾನ ಓಟದಲ್ಲಿ ಇನ್ನೊಂದು ತಾಪತ್ರಯ. ವೋಲ್ಟೇಜ್ ಇಳಿಸಲು ಮಾಸ್‌ಫೆಟ್ ವೇಗವಾಗಿ ಆನ್-ಆಫ್ ಆಗುತ್ತದೆ, ಹತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ಆನ್. ಉಳಿದ ಒಂಬತ್ತು ಪಾಲು ಸುರುಳಿಯ ಕರೆಂಟ್ ಜೊತೆಯ ಮಾಸ್‌ಫೆಟ್ಟಿನ ಡಯೋಡಿನಲ್ಲಿ ಸುತ್ತುತ್ತದೆ. ಆ 32 ಆಂಪಿಗೆ ಅಲ್ಲಿ 0.9 ವೋಲ್ಟ್ ನಷ್ಟವಾದರೆ ಒಂದೇ ಮಾಸ್‌ಫೆಟ್ಟಿನಲ್ಲಿ 26 ವ್ಯಾಟ್ ಶಾಖ. ಡಯೋಡಿನ ಬದಲು ಆ ಮಾಸ್‌ಫೆಟ್ಟನ್ನೇ ಆನ್ ಮಾಡುವ ಸಿಂಕ್ರೊನಸ್ ಸರ್ಕ್ಯೂಟಿನಲ್ಲಿ, 4 ಮಿಲಿಓಮ್‌ನ ಬಿಡಿಭಾಗವಿದ್ದರೆ, ಇದು 4 ವ್ಯಾಟಿಗೆ ಇಳಿಯುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಲ್ಲಿ ಈ 22 ವ್ಯಾಟ್ ಸಣ್ಣದಲ್ಲ.

ವೋಲ್ಟೇಜಿನಲ್ಲಿ ಚೌಕಾಸಿ ಬೇಡ. 13 ಸೆಲ್ಲಿನ ‘48 ವೋಲ್ಟ್’ ಲಿಥಿಯಂ ಪ್ಯಾಕ್ ತುಂಬಿದಾಗ 54.6 ವೋಲ್ಟ್. ಸ್ವಿಚ್ ಆಫ್ ಆಗುವಾಗ ತಂತಿಯ ಇಂಡಕ್ಟನ್ಸ್ (ಕರೆಂಟ್ ಥಟ್ಟನೆ ನಿಲ್ಲದಂತೆ ತಡೆಯುವ ಗುಣ) ಅದರ ಮೇಲೆ ವೋಲ್ಟೇಜಿನ ಇನ್ನೊಂದು ಏಟು ಕೊಡುತ್ತದೆ. 60 ವೋಲ್ಟಿನ ಮಾಸ್‌ಫೆಟ್ ಸುಡುವುದು ಹೀಗೆ. 100 ವೋಲ್ಟಿನದು ಬೇಕು, ಈ ಏಟು ಹೀರುವ ಕೆಪಾಸಿಟರ್ ಬೋರ್ಡಿಗೆ ಅಂಟಿಕೊಂಡಂತಿರಬೇಕು.

ಹಾವೇರಿಯ ಮನೆಯೊಂದರ ಬಿಎಲ್‌ಡಿಸಿ ಸೀಲಿಂಗ್ ಫ್ಯಾನಿಗೆ, ನೀರಿನ ಪಂಪಿಗೆ ಹಾಲ್ ಸೆನ್ಸರ್ (ಮೋಟರ್ ಯಾವ ಸ್ಥಾನದಲ್ಲಿದೆ ಎಂದು ಕಂಟ್ರೋಲರಿಗೆ ತಿಳಿಸುವ ಸಾಧನ) ಬೇಕಿಲ್ಲ, ಹೊರಡುವಾಗ ಭಾರ ಕಮ್ಮಿ. ಸ್ಕೂಟರಿಗೆ ಬೇಕು: ಸೆನ್ಸರ್ ಇಲ್ಲದಿದ್ದರೆ ಸ್ಥಾನ ತಿಳಿಯುವುದು ಬ್ಯಾಕ್ ಇಎಂಎಫ್‌ನಿಂದ, ನಿಂತ ಮೋಟರಿನಲ್ಲಿ ಅದು ಸೊನ್ನೆ.

ಹೊಸ ಕಂಟ್ರೋಲರ್ ಕೂರಿಸಿದ ಮೇಲೆ ತಂತಿಯ ಬಣ್ಣ ನಂಬಬೇಡಿ. ಹಾಲ್ ತಂತಿಗಳನ್ನು ಹಾಗೇ ಬಿಟ್ಟರೆ ಫೇಸ್ ತಂತಿಗಳನ್ನು 6 ರೀತಿ ಜೋಡಿಸಬಹುದು, ಸರಿಯಾದದ್ದು ಒಂದೇ. ಚಕ್ರ ಎತ್ತಿಟ್ಟು, ಥ್ರಾಟಲ್ ತುಸುವೇ ತಿರುವಿ, ಬ್ಯಾಟರಿ ಸಾಲಿನಲ್ಲಿ ಆಂಪ್ ಮೀಟರ್ ನೋಡಿ. ತಪ್ಪು ಜೋಡಣೆಯಲ್ಲೂ ಚಕ್ರ ಕೆಲವೊಮ್ಮೆ ತಿರುಗುತ್ತದೆ, ಆದರೆ ಗರಗರ ಸದ್ದಿನೊಂದಿಗೆ ಕರೆಂಟ್ ಹಲವು ಪಟ್ಟು ಎಳೆಯುತ್ತದೆ.