ಸೆಲ್ಫ್ ತೆಗೆದುಕೊಳ್ಳದ ಲಾರಿ: ವೋಲ್ಟೇಜು ಸೋರುವುದೆಲ್ಲಿ?

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿದಾಗ ಹುಟ್ಟುವ ಬಿಸಿಯಲ್ಲೇ ಇಂಧನ ಹೊತ್ತಿಕೊಳ್ಳಬೇಕು. ಆದ್ದರಿಂದ ಸೆಲ್ಫ್ ಮೋಟಾರು ಎಂಜಿನ್ನನ್ನು ಹೇಗೋ ತಿರುಗಿಸಿದರೆ ಸಾಲದು. ಆ ಬಿಸಿ ಸುತ್ತಲಿನ ತಣ್ಣನೆಯ ಲೋಹಕ್ಕೆ ಇಳಿದುಹೋಗುವ ಮೊದಲೇ ಒತ್ತಿ ಮುಗಿಸುವಷ್ಟು ವೇಗವಾಗಿ ತಿರುಗಿಸಬೇಕು. ಇದಕ್ಕೆ ಕೆಲವು ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಕರೆಂಟು ಬೇಕು. ನಮ್ಮ ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುವುದರಿಂದ, ಅದೇ ಕೆಲಸ ಅರ್ಧ ಕರೆಂಟಿನಲ್ಲಿ ನಡೆಯುತ್ತದೆ. ಬೆಳಿಗ್ಗೆ ಸೆಲ್ಫ್ ತೆಗೆದುಕೊಳ್ಳದಿದ್ದರೆ ಎಲ್ಲರೂ ಮೊದಲು ದೂರುವುದು ಬ್ಯಾಟರಿಯನ್ನು. ಅನೇಕ ಸಲ ತಪ್ಪು ಅದರದಾಗಿರುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಟರ್ಮಿನಲ್ಲಿನಲ್ಲಿ ತುಕ್ಕು ಹಿಡಿದು 0.01 ಓಮ್ ತಡೆ ಹುಟ್ಟಿದೆ ಎಂದುಕೊಳ್ಳೋಣ. ಐದಾರು ಆಂಪಿಯರ್ ಬಳಸುವ ದೀಪಕ್ಕೆ ಇದು ಲೆಕ್ಕಕ್ಕೇ ಇಲ್ಲ. ಹೆಡ್‌ಲೈಟು ಚೆನ್ನಾಗಿಯೇ ಉರಿಯುತ್ತದೆ. ಆದರೆ 300 ಆಂಪಿಯರ್ ಹರಿಯುವಾಗ ಅದೇ ಜಾಗದಲ್ಲಿ 3 ವೋಲ್ಟ್ ಕಳೆದುಹೋಗುತ್ತದೆ. ಆದ್ದರಿಂದ ದೀಪ ಉರಿಯುತ್ತಿದೆ, ವೈರಿಂಗ್ ಸರಿಯಿದೆ ಎಂಬ ವಾದಕ್ಕೆ ಬೆಲೆಯಿಲ್ಲ. ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬದ ನೆತ್ತಿಯ ಮೇಲೂ ಇನ್ನೊಂದನ್ನು ಅದನ್ನು ಅಪ್ಪಿಕೊಂಡಿರುವ ಕ್ಲಾಂಪಿನ ಮೇಲೂ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಮೀಟರು ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲಬೇಕು. ಅರ್ಧ ವೋಲ್ಟ್ ತೋರಿಸಿದರೂ ಆ ಜೋಡಣೆಯನ್ನು ಬಿಚ್ಚಿ ಉಜ್ಜಬೇಕು. ಹೀಗೆಯೇ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಟರ್ಮಿನಲ್ಲಿನವರೆಗೆ, ನೆಗೆಟಿವ್ ಕಂಬದಿಂದ ಮೋಟಾರಿನ ಮೈವರೆಗೆ ಅಳೆಯಬೇಕು. ಎರಡನೆಯದನ್ನು ಅಳೆಯುವವರು ಕಡಿಮೆ, ತೊಂದರೆ ಸಿಗುವುದು ಅಲ್ಲಿಯೇ ಹೆಚ್ಚು. ಎಂಜಿನ್ ಕರೆಂಟು ಹರಿಯದ ರಬ್ಬರಿನ ಮೇಲೆ ಕುಳಿತಿರುವುದರಿಂದ, ಕರೆಂಟು ಬ್ಯಾಟರಿಗೆ ಮರಳಲು ಅದಕ್ಕೂ ಛಾಸಿಗೂ (ಲಾರಿಯ ಚೌಕಟ್ಟಿಗೂ) ನಡುವೆ ತಾಮ್ರದ ಅರ್ಥ್ ಪಟ್ಟಿ ಬೇಕೇ ಬೇಕು. ಕೆಸರು, ಮಳೆನೀರಿನಲ್ಲಿ ಅದರ ಎಳೆಗಳು ಒಂದೊಂದಾಗಿ ಕಡಿದುಹೋಗುವುದು ಹೊರನೋಟಕ್ಕೆ ತಿಳಿಯುವುದಿಲ್ಲ.

ಇನ್ನು ಬ್ಯಾಟರಿಯ ಸರದಿ. ಲಾರಿ ಕೆಲವು ಗಂಟೆ ನಿಂತ ಮೇಲೆ ಪ್ರತಿ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಸುಮಾರು ಅರ್ಧ, 11.9ಕ್ಕಿಂತ ಇಳಿದಿದ್ದರೆ ಬಹುತೇಕ ಖಾಲಿ ಎಂದು ತಿಳಿಯಬಹುದು. ಸುಮ್ಮನಿರುವಾಗ 12.6 ತೋರಿಸಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಒಳಗೇ ದೋಷವಿದೆ. ಮುಚ್ಚಳ ತೆಗೆಯುವ ಮಾದರಿಯಾದರೆ ನೀರಿಗೆ ಹೋಲಿಸಿ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಆರೂ ಸೆಲ್‌ಗಳ ಆಸಿಡ್ ನೋಡಬಹುದು, ಐದರಲ್ಲಿ 1.26 ಇದ್ದು ಒಂದರಲ್ಲಿ ಮಾತ್ರ 1.15 ಇದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿದಂತೆಯೇ. ಬ್ಯಾಟರಿಯನ್ನು ಚಳಿ ಕೊಲ್ಲುತ್ತದೆ ಎಂದು ನಾವು ನಂಬುತ್ತೇವೆ. ನಿಜವಾಗಿ ಅದನ್ನು ಸವೆಸುವುದು ರಾಯಚೂರು, ಕಲಬುರಗಿಗಳ ಬೇಸಗೆ; ಆಗ ಆದ ಹಾನಿ ಚಳಿಗಾಲದ ಮುಂಜಾನೆ, ಎಣ್ಣೆ ದಪ್ಪವಾಗಿ ಎಂಜಿನ್ ಬಿಗಿಯಾದಾಗ ಬಯಲಾಗುತ್ತದೆ.

ಎರಡು ಬ್ಯಾಟರಿಗಳ ಜೋಡಿಗೆ ಅದರದೇ ಆದ ಕಾಯಿಲೆಯೊಂದಿದೆ. ಟೇಪ್ ರೆಕಾರ್ಡರ್, ಮೊಬೈಲ್ ಚಾರ್ಜರ್, ಬಣ್ಣದ ದೀಪಗಳು ಕೇಳುವುದು 12 ವೋಲ್ಟ್. ಅದನ್ನು ಒಂದೇ ಬ್ಯಾಟರಿಯಿಂದ ಎಳೆದುಕೊಳ್ಳುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಚಾರ್ಜ್ ಮಾಡುವ ಕರೆಂಟು ಎರಡರ ಮೂಲಕವೂ ಹರಿಯುತ್ತದೆ, ಖರ್ಚು ಮಾತ್ರ ಒಂದರಿಂದ. ಚಾರ್ಜ್ ಕೊಡುವ ಡೈನಮೋದ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರು ಒಟ್ಟು 28 ವೋಲ್ಟನ್ನಷ್ಟೇ ನೋಡುತ್ತದೆ. ಅದು ಒಂದರಲ್ಲಿ 13.2, ಇನ್ನೊಂದರಲ್ಲಿ 14.8 ಎಂದು ಹಂಚಿಹೋಗಿರುವುದು ಅದಕ್ಕೆ ಕಾಣುವುದಿಲ್ಲ. ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಅತಿಯಾಗಿ ಚಾರ್ಜ್ ಆದದ್ದರ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಅನಿಲಗಳಾಗಿ ಹೋಗುತ್ತದೆ. ಒಂದಕ್ಕೆ ಮಾತ್ರ ಪದೇ ಪದೇ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತಿದ್ದರೆ ಇದನ್ನೇ ಮೊದಲು ಶಂಕಿಸಬೇಕು. ಮಾಲೀಕರು ಸೋತದ್ದನ್ನಷ್ಟೇ ಬದಲಿಸುತ್ತಾರೆ, ಹೊಸದೂ ಅದೇ ದಾರಿ ಹಿಡಿಯುತ್ತದೆ. 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಹಾಕಿಸುವುದು ಬ್ಯಾಟರಿಗಿಂತ ಎಷ್ಟೋ ಅಗ್ಗ.

ಡೈನಮೋ ಎಂದು ನಾವು ಕರೆಯುವ ಆಲ್ಟರ್ನೇಟರಿನ ಪರೀಕ್ಷೆ ಇದಕ್ಕಿಂತ ಸುಲಭ. ಎಂಜಿನ್ ಓಡುವಾಗ ಬ್ಯಾಟರಿ ಜೋಡಿಯಲ್ಲಿ ಸುಮಾರು 27.5ರಿಂದ 28.5 ವೋಲ್ಟ್ ಇರಬೇಕು. ಕಡಿಮೆಯಿದ್ದರೆ ಮೊದಲು ಬೆಲ್ಟಿನ ಬಿಗಿತವನ್ನೂ, ಕೀ ತಿರುಗಿಸಿದಾಗ ಚಾರ್ಜಿಂಗ್ ದೀಪ ಹತ್ತುತ್ತದೆಯೇ ಎಂಬುದನ್ನೂ ನೋಡಬೇಕು. ಅನೇಕ ಮಾದರಿಗಳಲ್ಲಿ ಅದರೊಳಗೆ ತಿರುಗುವ ರೋಟರಿಗೆ ಮೊದಲ ಕಾಂತತ್ವ ಸಿಗುವುದು ಆ ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದಲೇ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷಿಸುವ ಹಳೆಯ ರೂಢಿಯನ್ನು ಮಾತ್ರ ಬಿಡಲೇಬೇಕು: ಆ ಕ್ಷಣದಲ್ಲಿ ಏರುವ ವೋಲ್ಟೇಜು ಡೈನಮೋದೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳನ್ನೂ ಈಗಿನ ಲಾರಿಗಳ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವನ್ನೂ ಸುಡಬಲ್ಲದು.

ಎಲ್ಲವೂ ಸರಿಯಿದ್ದೂ ನಿಂತ ಲಾರಿಯ ಬ್ಯಾಟರಿ ಇಳಿಯುತ್ತಿದ್ದರೆ, ರಾತ್ರಿ ಕಳೆದ ಮೇಲೆ ತಣ್ಣಗಿರುವ ಎಂಜಿನ್ನಿನ ಪಕ್ಕದಲ್ಲಿ ಡೈನಮೋದ ಮೈಯನ್ನು ಮುಟ್ಟಿ ನೋಡಬೇಕು. ಅದೊಂದೇ ಬೆಚ್ಚಗಿದ್ದರೆ ಒಳಗಿನ ಡಯೋಡ್ ಸೋರುತ್ತಿದೆ. ಹಾಗಿಲ್ಲವಾದರೆ ಕೀ ತೆಗೆದು, ಅರ್ಥ್ ತಂತಿಯ ನಡುವೆ ಆಮ್‌ಮೀಟರ್ ಸೇರಿಸಿ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಮೀಟರ್ ಸೇರಿಸಿರುವಾಗ ಮರೆತೂ ಸೆಲ್ಫ್ ಹೊಡೆಯಬಾರದು. ಸೋರಿಕೆ ಒಂದೇ ಆಂಪಿಯರ್ ಇದ್ದರೂ ಎರಡು ದಿನಕ್ಕೆ 48 ಆಂಪಿಯರ್-ಅವರ್, ಅಂದರೆ 100 ಆಂಪಿಯರ್-ಅವರ್ ಬ್ಯಾಟರಿಯ ಹತ್ತಿರ ಹತ್ತಿರ ಅರ್ಧ.