ಅಮ್ಮನ ಹತ್ತಿರ ಮೊಬೈಲ್ ಇದೆಯಲ್ಲ, ಇನ್ನು ಬಟನ್ ಯಾಕೆ?

ಪ್ರಶ್ನೆ: ನಮ್ಮ ತಾಯಿಗೆ 76 ವರ್ಷ. ಕುವೆಂಪುನಗರದ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ, ತಮ್ಮ ನ್ಯೂಜೆರ್ಸಿಯಲ್ಲಿ. ಕುತ್ತಿಗೆಗೆ ಹಾಕಿಕೊಳ್ಳುವ ಎಮರ್ಜೆನ್ಸಿ ಬಟನ್ ಹಾಕಿಸಿ ಅಂತ ಯಾರೋ ಹೇಳಿದರು. ಅಮ್ಮನ ಹತ್ತಿರ ಒಳ್ಳೆ ಮೊಬೈಲ್ ಇದೆ, ದಿನಾ ವಾಟ್ಸಾಪ್ ನೋಡುತ್ತಾರೆ. ಆದರೂ ಬಟನ್ ಬೇಕಾ?

ಬೇಕು.

ಇಷ್ಟಕ್ಕೇ ಮುಗಿದರೆ ಚೆನ್ನಾಗಿತ್ತು. ಮುಗಿಯುವುದಿಲ್ಲ. "ಬೇಕು" ಅಂದ ತಕ್ಷಣ "ಅಲ್ಲ ಸಾರ್, ಮೊಬೈಲ್ ಯಾವಾಗಲೂ ಕೈಯಲ್ಲೇ ಇರುತ್ತೆ" ಅಂತ ಮತ್ತೆ ಶುರುವಾಗುತ್ತದೆ. ಮೈಸೂರಿನ ಮನೆಗಳಲ್ಲಿ ಈ ಬಟನ್ ಕೂರಿಸುವುದು ನನ್ನ ಕೆಲಸ. ವಾರಕ್ಕೆ ಮೂರು ಸಲವಾದರೂ ಈ ಮಾತು ಕೇಳುತ್ತೇನೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಗೋಕುಲಂ, ಎಲ್ಲಿ ಹೋದರೂ ಅದೇ. ಪಿಂಚಣಿದಾರರ ಸ್ವರ್ಗ ಅಂತ ಹೆಸರಾದ ಊರು. ಅಮ್ಮ ಒಬ್ಬರೇ, ಮನೆ ದೊಡ್ಡದು, ಮಕ್ಕಳು ದೂರ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದಿನ ಸಲ ಯಾರಾದರೂ ಕೇಳಿದರೆ ಇದನ್ನೇ ಕಳಿಸಬಹುದು.

ಮೊದಲು ಒಂದು ಸಣ್ಣ ಪರೀಕ್ಷೆ. ನಿಮ್ಮ ಅಮ್ಮ ಸ್ನಾನಕ್ಕೆ ಹೋದಾಗ ಮೊಬೈಲ್ ಎಲ್ಲಿರುತ್ತದೆ? ಬೆಳಿಗ್ಗೆ ಐದಕ್ಕೆ ಎದ್ದು ಸಂಪಿನ ಮೋಟರ್ ಹಾಕಲು ಹೋದಾಗ? ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ? ರಾತ್ರಿ ಎರಡಕ್ಕೆ ಬಚ್ಚಲಿಗೆ ಎದ್ದಾಗ? ಟಿವಿ ಪಕ್ಕದಲ್ಲಿ, ಚಾರ್ಜಿನಲ್ಲಿ. ಬೇಕಿದ್ದರೆ ಹೋಗಿ ನೋಡಿ. ಸೋಫಾದ ಮೇಲೆ ಕೂತು ವಾಟ್ಸಾಪ್ ನೋಡುವಾಗ ಮೊಬೈಲ್ ಕೈಯಲ್ಲೇ ಇರುತ್ತದೆ, ನಿಜ. ಆದರೆ ಸೋಫಾದ ಮೇಲೆ ಕೂತವರು ಬೀಳುವುದು ಕಡಿಮೆ.

ಇದು ನನ್ನ ಮನೆಯಲ್ಲೇ ಆಗಿದೆ. ನಮ್ಮ ದೊಡ್ಡಮ್ಮ ಚಾಮುಂಡಿಪುರಂನಲ್ಲಿ ಒಬ್ಬರೇ ಇರುತ್ತಾರೆ. ನೀರು ಬಿಡುವ ದಿನ ಬೆಳಿಗ್ಗೆ ಐದಕ್ಕೆ ಎದ್ದವರು ಬಚ್ಚಲು ಮನೆ ಹೊಸಿಲ ಹತ್ತಿರ ಜಾರಿ ಬಿದ್ದರು. ಏಳು ಗಂಟೆಗೆ ನಾನು ಫೋನ್ ಮಾಡಿದೆ. ತೆಗೆಯಲಿಲ್ಲ. ಪೂಜೆಯಲ್ಲಿರಬೇಕು ಅಂದುಕೊಂಡೆ. ಮತ್ತೆ ಮಾಡಿದೆ. ಬಟ್ಟೆ ಒಗೆಯುತ್ತಿರಬೇಕು ಅಂದುಕೊಂಡೆ. ಎಂಟೂವರೆಗೆ ಪಕ್ಕದ ಮನೆಯವರು ಗೇಟಿನಲ್ಲಿ ಹಾಲಿನ ಪ್ಯಾಕೆಟ್ ಹಾಗೇ ಇರುವುದನ್ನು ನೋಡಿ ನನಗೆ ಹೇಳಿದರು. ಆಮೇಲೆ ದೊಡ್ಡಮ್ಮ ಹೇಳಿದ್ದು ಇಷ್ಟು: "ಫೋನ್ ಬಡ್ಕೊಳ್ಳೋದು ಕೇಳಿಸ್ತಾನೇ ಇತ್ತು ಕಣೋ. ಒಂಬತ್ತು ಸಲ. ಎಣಿಸ್ದೆ." ಊರಿನವರ ಮನೆಗೆಲ್ಲ ಬಟನ್ ಕೂರಿಸುವ ನಾನು ಅವರ ಮನೆಗೆ ಹಾಕಿರಲಿಲ್ಲ. ಯಾಕೆ ಗೊತ್ತಾ? ಅವರ ಹತ್ತಿರ ಮೊಬೈಲ್ ಇತ್ತು.

ಸರಿ, ಮೊಬೈಲ್ ಕೈಗೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಕೈ ಒದ್ದೆ, ಕನ್ನಡಕ ಎಲ್ಲೋ ಹಾರಿದೆ. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಓಗೊಡುವುದಿಲ್ಲ. ಲಾಕ್ ತೆಗೆಯಬೇಕು, ಹೆಸರು ಹುಡುಕಬೇಕು. ಪಾರ್ಶ್ವವಾಯು ಹೊಡೆದಿದ್ದರೆ ಒಂದು ಕೈ ಬರುವುದಿಲ್ಲ, ಮಾತು ತೊದಲುತ್ತದೆ. ಆ ಹೊತ್ತಿನಲ್ಲಿ "ಮಗನಿಗೆ ಫೋನ್ ಮಾಡು" ಅಂತ ಗೂಗಲ್‌ಗೆ ಹೇಳಿ ನೋಡಿ, ಅದಕ್ಕೆ ಅರ್ಥವಾಗುವುದು ಕಷ್ಟ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದಕ್ಕೆ ಮುಂಚೆ ಸ್ಕ್ಯಾನ್ ಆಗಬೇಕು. ದೊಡ್ಡಮ್ಮ ನೆಲದ ಮೇಲೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಇದ್ದರು.

ಇನ್ನೊಂದು ಮಾತು ಬರುತ್ತದೆ: "ಬಿದ್ದರೆ ಬಿದ್ದರು, ಮೂಳೆ ಮುರಿಯದಿದ್ದರೆ ಸಾಕು." ಸಾಲದು. ನೆಲದ ಮೇಲೆ ಒಂದು ಗಂಟೆಗಿಂತ ಜಾಸ್ತಿ ಬಿದ್ದಿರುವುದೇ ಬೇರೆ ಕಾಯಿಲೆ ಇದ್ದ ಹಾಗೆ. ಒಂದೇ ಮಗ್ಗುಲಲ್ಲಿ ಒತ್ತಿಕೊಂಡ ಮಾಂಸಖಂಡ ಹಾಳಾಗಿ, ಅದರಿಂದ ಬರುವ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಚರ್ಮದ ಮೇಲೆ ಒತ್ತಡದ ಹುಣ್ಣು ಬರಬಹುದು. ನೀರಿಲ್ಲದೆ ದೇಹ ಒಣಗುತ್ತದೆ. ಮಾರ್ಗಶಿರದ ಚಳಿಯಲ್ಲಿ ಮೊಸಾಯಿಕ್ ನೆಲ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ದೊಡ್ಡಮ್ಮನಿಗೆ ಒಂದು ಮೂಳೆಯೂ ಮುರಿದಿರಲಿಲ್ಲ. ಎದ್ದೇಳಲು ಆಗಲಿಲ್ಲ, ಅಷ್ಟೇ. ಆದರೂ ಐದು ದಿನ ಆಸ್ಪತ್ರೆಯಲ್ಲಿದ್ದರು.

ಮೊಬೈಲಿಗೂ ಒಂದು ಮಾರ್ಕು ಕೊಡೋಣ. 2017ರ ಜನವರಿಯಿಂದ ಭಾರತದಲ್ಲಿ ಮಾರುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕು ಅನ್ನುವ ನಿಯಮವಿದೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತಿದರೆ 112ಕ್ಕೆ ಕರೆ ಹೋಗುವ ವ್ಯವಸ್ಥೆ. ಕೆಲವು ಫೋನುಗಳಲ್ಲಿ ಐದು ಸಲ. ನಿಮ್ಮ ಅಮ್ಮನಿಗೆ ಇದು ಗೊತ್ತಾ? ನಿಮಗೆ ಗೊತ್ತಿತ್ತಾ? ಇವತ್ತೇ ಸೆಟ್ಟಿಂಗ್ಸ್ ನೋಡಿ ಹೇಳಿಕೊಡಿ. ಪಾರ್ಕಿನಲ್ಲಿ, ಬಸ್ಸಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ಬಚ್ಚಲಿಗೆ ಮಾತ್ರ ಫೋನ್ ಬರುವುದಿಲ್ಲ. ಬಟನ್ ಬರುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ವ್ಯವಹಾರವೆಲ್ಲ ಇರುವುದು ಅಲ್ಲೇ.

ಬಟನ್ ಹೇಗೆ ಕೆಲಸ ಮಾಡುತ್ತದೆ ಅಂತ ಚುಟುಕಾಗಿ ಹೇಳುತ್ತೇನೆ. ಕುತ್ತಿಗೆಯಲ್ಲೋ ಮಣಿಕಟ್ಟಿನಲ್ಲೋ ಇರುವ ಬಟನ್ ಒತ್ತಿದರೆ ರೇಡಿಯೋ ಸಿಗ್ನಲ್ ಹೋಗಿ ನಡುಮನೆಯಲ್ಲಿರುವ ಪೆಟ್ಟಿಗೆಯನ್ನು ಎಬ್ಬಿಸುತ್ತದೆ. ಪೆಟ್ಟಿಗೆಯಲ್ಲಿ ಸಿಮ್, ಸ್ಪೀಕರ್, ಮೈಕ್, ಕರೆಂಟ್ ಹೋದರೆ ಇರಲಿ ಅಂತ ಬ್ಯಾಟರಿ. ಒಂದು ಥರದ ಪೆಟ್ಟಿಗೆ ನೀವು ಕೊಟ್ಟ ನಂಬರುಗಳಿಗೆ ಒಂದಾದ ಮೇಲೊಂದು ಫೋನ್ ಮಾಡುತ್ತದೆ. ಇನ್ನೊಂದು ಥರದ್ದು ತಿಂಗಳ ಶುಲ್ಕದ ಸೇವೆ, 24 ಗಂಟೆಯೂ ಜನ ಕೂತಿರುವ ಕಡೆಗೆ ಹೋಗುತ್ತದೆ. ಅಲ್ಲಿಂದ "ಏನಾಯ್ತಮ್ಮ?" ಅಂತ ಕೇಳುತ್ತಾರೆ, ಉತ್ತರ ಬರದಿದ್ದರೆ ಅವರೇ ಪಕ್ಕದ ಮನೆಗೆ, 108ಕ್ಕೆ ಹೇಳುತ್ತಾರೆ. ಮಕ್ಕಳೆಲ್ಲ ದೂರ ಇದ್ದರೆ ನನ್ನ ಮತ ಎರಡನೆಯದಕ್ಕೆ. ನಮ್ಮ ಮಧ್ಯಾಹ್ನ ಎರಡು ಗಂಟೆ ನ್ಯೂಜೆರ್ಸಿಯಲ್ಲಿ ಬೆಳಗಿನ ಜಾವ. ನಿಮ್ಮ ತಮ್ಮ ಎದ್ದರೂ ಅಲ್ಲಿಂದ 108 ಒತ್ತಿದರೆ ಕುವೆಂಪುನಗರಕ್ಕೆ ಆಂಬುಲೆನ್ಸ್ ಬರುವುದಿಲ್ಲ.

ಕೆಡುವುದು ಎಲ್ಲಿ ಅಂದರೆ ಸಿಮ್ಮಿನಲ್ಲಿ. ಬಳಸದ ಪ್ರೀಪೇಡ್ ಸಿಮ್ ರೀಚಾರ್ಜ್ ಇಲ್ಲದೆ ಸುಮ್ನೆ ಸತ್ತಿರುತ್ತದೆ, ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಹಳೆ ಮಾದರಿಯ 2ಜಿ ಪೆಟ್ಟಿಗೆಗೆ ಜಿಯೋ ಸಿಮ್ ಹಾಕಿದರೆ ನಡೆಯುವುದಿಲ್ಲ, ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ. ವೈಫೈ ಮೇಲೆ ನಡೆಯುವ ಪೆಟ್ಟಿಗೆಯಾದರೆ ರೂಟರಿಗೆ ಯುಪಿಎಸ್ ಬೇಕು. ಇನ್ನು ಪೆಟ್ಟಿಗೆಯ ನಂಬರನ್ನು ನಿಮ್ಮ ಫೋನಿನಲ್ಲಿ "ಅಮ್ಮ ಎಮರ್ಜೆನ್ಸಿ" ಅಂತ ಸೇವ್ ಮಾಡಿ, ಸೈಲೆಂಟ್ ಇದ್ದರೂ ರಿಂಗ್ ಆಗುವ ಹಾಗೆ ಇಡಿ. ಇಲ್ಲವಾದರೆ ಮೀಟಿಂಗಿನಲ್ಲಿ ಕೂತು ಲೋನಿನವರು ಅಂದುಕೊಂಡು ಕಟ್ ಮಾಡುತ್ತೀರಿ. ಮಾಡಿದವರನ್ನು ನೋಡಿದ್ದೇನೆ.

ತಿಂಗಳಿಗೊಮ್ಮೆ ಒತ್ತಿ ನೋಡಿ. ಸೋಫಾದಿಂದಲ್ಲ, ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು. ಹಳೇ ಮನೆಗಳ ದಪ್ಪ ಗೋಡೆ, ಕಬ್ಬಿಣದ ಗ್ರಿಲ್ ಸಿಗ್ನಲನ್ನು ನುಂಗುತ್ತವೆ. ಬಟನ್ ಮೇಲೆ ಐಪಿ67 ಅಂತ ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ, ಸ್ನಾನಕ್ಕೆ ತೊಂದರೆಯಿಲ್ಲ.

ಅವತ್ತು ದೊಡ್ಡಮ್ಮನ ಮನೆ ಮುಂದೆ ನಾಲ್ಕು ಜನ ನಿಂತಿದ್ದರು, ಒಬ್ಬರೂ ಒಳಗೆ ಹೋಗುವ ಹಾಗಿರಲಿಲ್ಲ. ಗ್ರಿಲ್ ಗೇಟಿಗೆ ಬೀಗ, ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ. ನನ್ನ ಹತ್ತಿರ ಬೀಗದ ಕೈ ಇತ್ತು, ಚಿಲಕಕ್ಕೆ ಅದರಿಂದ ಏನು ಪ್ರಯೋಜನ? ಮರಗೆಲಸದವರನ್ನು ಕರೆತಂದು ಬಾಗಿಲು ಬಿಚ್ಚಲು ನಲವತ್ತು ನಿಮಿಷ ಹಿಡಿಯಿತು. ಹಾಗಾಗಿ ನಾನೀಗ ಬಟನ್ ಕೂರಿಸುವ ಮುಂಚೆ ಚಿಲಕ ನೋಡುತ್ತೇನೆ. ಒಳಗಿನಿಂದ ಹಾಕಿದರೂ ಹೊರಗಿನಿಂದ ಕೀ ಹಾಕಿ ತೆಗೆಯಬಹುದಾದ ಬೀಗ ಬೇಕು, ರಾತ್ರಿ ಹೊತ್ತು ಅದೊಂದೇ. ಒಂದು ಕೀ ಪಕ್ಕದ ಮನೆಯಲ್ಲಿರಲಿ. "ಪಕ್ಕದವರ ಜೊತೆ ಮಾತಿಲ್ಲ ಸಾರ್" ಅನ್ನುವವರು ಎದುರು ಮನೆಯವರನ್ನು ಹಿಡಿಯಿರಿ. ಬಚ್ಚಲಿನ ಒಳಚಿಲಕ ಬಿಚ್ಚಿಸಿಬಿಡಿ. ಒಬ್ಬರೇ ಇರುವ ಮನೆಯಲ್ಲಿ ಅದು ಯಾರಿಗಾಗಿ?

ಇಷ್ಟೆಲ್ಲ ಆದ ಮೇಲೂ ಅಮ್ಮಂದಿರು ಬಟನ್ ಹಾಕಿಕೊಳ್ಳುವುದಿಲ್ಲ. ದೇವರ ಮನೆ ಮೊಳೆಗೆ ನೇತುಹಾಕುತ್ತಾರೆ. ದೊಡ್ಡಮ್ಮ "ನಾಯಿಗೆ ಬೆಲ್ಟ್ ಹಾಕ್ದಂಗೆ ಹಾಕ್ತೀಯಲ್ಲೋ" ಅಂದರು. ಇದು ನಮ್ಮ ಊರಿನವರ ಹಟ ಮಾತ್ರ ಅಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ 90 ದಾಟಿದವರ ಬಗ್ಗೆ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಬಟನ್ ಇದ್ದೂ ಒಬ್ಬರೇ ಬಿದ್ದು ಏಳಲಾಗದವರಲ್ಲಿ ಹೆಚ್ಚಿನವರು ಅದನ್ನು ಒತ್ತಿರಲೇ ಇಲ್ಲ. ಯಾರಿಗೂ ತೊಂದರೆ ಕೊಡುವುದು ಬೇಡ, ನಾನೇ ಏಳುತ್ತೇನೆ ಅಂತ. ಇದಕ್ಕೆ ನನಗೆ ತಿಳಿದ ಮದ್ದು ಒಂದೇ: ಮೊದಲ ತಿಂಗಳು ದಿನಾ ಒಂದು ಸಲ ಸುಮ್ನೆ ಒತ್ತಿಸಿ, ನೀವು ಎತ್ತಿ "ಕಾಫಿ ಆಯ್ತಾ?" ಅಂತ ಕೇಳಿ. ಒತ್ತುವ ಸಂಕೋಚ ಹೋಗುತ್ತದೆ. ತಾನೇ ಬೀಳುವುದನ್ನು ಗುರುತಿಸುವ ವಾಚುಗಳೂ ಇವೆ. ಧಡಾರನೆ ಬಿದ್ದರೆ ಅವುಗಳಿಗೆ ಗೊತ್ತಾಗುತ್ತದೆ, ಗೋಡೆ ಹಿಡಿದು ಮೆಲ್ಲಗೆ ಕುಸಿದರೆ ಎಷ್ಟೋ ಸಲ ಗೊತ್ತಾಗುವುದಿಲ್ಲ.

ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು: ಬಿದ್ದವರು ಏಳುವುದು ಹೇಗೆ? ಪೆಟ್ಟೇ ಆಗದ ದೊಡ್ಡಮ್ಮ ಯಾಕೆ ಏಳಲಿಲ್ಲ? ಮಂಡಿ ನೋವು ಶುರುವಾದ ಮೇಲೆ ಅವರು ನೆಲಕ್ಕೆ ಕೂರುವುದನ್ನೇ ಬಿಟ್ಟಿದ್ದರು. ಊಟ ಟೇಬಲ್ ಮೇಲೆ, ಪೂಜೆ ಸ್ಟೂಲ್ ಮೇಲೆ. ಹತ್ತು ವರ್ಷ ನೆಲದಿಂದ ಎದ್ದೇ ಇಲ್ಲದವರಿಗೆ ಏಳುವ ಬಗೆ ಮರೆತೇ ಹೋಗಿರುತ್ತದೆ. ಅವರು ಮಲಗಿದ್ದಲ್ಲಿಂದ ನೇರವಾಗಿ ಎದ್ದು ಕೂರಲು ನೋಡಿದ್ದಾರೆ, ಮತ್ತೆ ಮತ್ತೆ. ಹಾಗೆ ಆಗುವುದಿಲ್ಲ.

ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಹೀಗೆ. ಮೊದಲು ಒಂದು ನಿಮಿಷ ಸುಮ್ಮನಿದ್ದು ಕೈಕಾಲು ಆಡಿಸಿ ನೋಡಬೇಕು. ಸೊಂಟದಲ್ಲಿ ಜೋರು ನೋವಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಏಳುವ ಪ್ರಯತ್ನವೇ ಬೇಡ, ಬಟನ್ ಒತ್ತಿ ಮಲಗಿರಬೇಕು. ನೋವಿಲ್ಲ ಅಂದರೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಮಗು ಅಂಬೆಗಾಲಿಡುವ ಹಾಗೆ ಆಗಬೇಕು. ಹಾಗೇ ಗಟ್ಟಿಯಾದ ಯಾವುದರ ಹತ್ತಿರವಾದರೂ ಹೋಗಿ, ಎರಡೂ ಕೈ ಅದರ ಮೇಲಿಟ್ಟು, ಬಲವಿರುವ ಕಾಲಿನ ಪಾದ ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕೂರಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಮಂಡಿ ಚಿಪ್ಪು ಬದಲಾಯಿಸಿದವರು ಡಾಕ್ಟರನ್ನು ಕೇಳಿಯೇ ಮಾಡಬೇಕು.

ದೊಡ್ಡಮ್ಮನಿಗೆ ಚಾಪೆ ಹಾಸಿ ಮಾಡಿಸಿದೆ. ಮೊದಲೆರಡು ಸಲ ಬೈದರು. ಮೂರನೇ ಸಲ ದಿವಾನ ಹಿಡಿದು ಎದ್ದು ಕೂತು, "ಇಷ್ಟೇನಾ?" ಅಂದರು. ಅವರ ಬಚ್ಚಲಿನಿಂದ ದಿವಾನಕ್ಕೆ ಹನ್ನೊಂದು ಹೆಜ್ಜೆ. ಅಂಬೆಗಾಲಿನಲ್ಲಿ ಅದು ದೂರವೇ. ಈಗ ಮರದ ಸ್ಟೂಲೊಂದನ್ನು ಬಚ್ಚಲ ಹೊಸಿಲ ಪಕ್ಕದಲ್ಲಿ ಗೋಡೆಗೆ ಒತ್ತಿ ಇಟ್ಟಿದ್ದೇವೆ. ಅದರ ಮೇಲೆ ಒಣಬಟ್ಟೆ ರಾಶಿ ಹಾಕಬೇಡಿ ಅಂತ ದಿನಾ ಹೇಳುವುದು ನನ್ನ ಕೆಲಸ.