ಕೀಬೋರ್ಡ್ ಕೆಟ್ಟಿಲ್ಲ, ಸ್ಕ್ರೋಲ್ ಲಾಕ್ ಬಿದ್ದಿದೆ

ಬಾಗಲಕೋಟೆಯ ನವನಗರದಲ್ಲಿ ಅಂಗಡಿಗಳ, ಸಹಕಾರ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಮಾರ್ಚ್ ಕೊನೆಯ ವಾರ ಬಂತೆಂದರೆ ಒಂದೇ ಬಗೆಯ ಕರೆಗಳು. "ಸರ್ರ, ಎಕ್ಸೆಲ್‌ನ್ಯಾಗ ಆ್ಯರೋ ಕೀ ಕೆಟ್ಟಾವ್ರಿ, ಒತ್ತಿದ್ರ ಹಾಳೀನ ಓಡತೈತಿ." ಅದಕ್ಕೂ ಮೊದಲು ಏನು ಒತ್ತಿದಿರಿ ಎಂದು ಕೇಳಿದರೆ "ಏನೂ ಒತ್ತಿಲ್ರಿ" ಎಂಬ ಉತ್ತರ ತಪ್ಪದೆ ಬರುತ್ತದೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಕೆಲವರು ಹೊಸ ಕೀಬೋರ್ಡ್ ಕೊಂಡಿರುತ್ತಾರೆ, ಇನ್ನು ಕೆಲವರು ವೈರಸ್ ಎಂದು ಹೆದರಿ ಇಡೀ ಯಂತ್ರವನ್ನೇ ಫಾರ್ಮ್ಯಾಟ್ ಮಾಡಿಸಿರುತ್ತಾರೆ.

ಆಗಿರುವುದು ಇಷ್ಟೇ. 1981ರ ಐಬಿಎಂ ಪಿಸಿಯ ಕೀಬೋರ್ಡಿನಲ್ಲಿಯೇ ಇದ್ದ ಸ್ಕ್ರೋಲ್ ಲಾಕ್ ಎಂಬ ಕೀಯನ್ನು ಇಂದಿನ ಬಹುಪಾಲು ತಂತ್ರಾಂಶಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ, ಎಕ್ಸೆಲ್ ಮಾತ್ರ ಹಳೆಯ ನೌಕರನಂತೆ ಅದರ ಮಾತನ್ನು ಈಗಲೂ ನಡೆಸಿಕೊಡುತ್ತದೆ. ಆ ಲಾಕ್ ಬಿದ್ದಿದ್ದರೆ ಬಾಣದ ಕೀಗಳಿಂದ ಹಾಳೆ ಸರಿಯುತ್ತದೆ, ನೀವು ನಿಂತ ಸೆಲ್ ಸರಿಯುವುದಿಲ್ಲ. ಎಡಮೇಲಿನ ಪುಟ್ಟ ಚೌಕದಲ್ಲಿ ಸೆಲ್ಲಿನ ವಿಳಾಸವಿರುತ್ತದೆ; ಬಾಣದ ಕೀ ಒತ್ತಿದಾಗ ಹಾಳೆ ಓಡಿಯೂ ಆ ವಿಳಾಸ ಬದಲಾಗದಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಈ ತೊಂದರೆ ನಮ್ಮ ಕಡೆಯ ಕಚೇರಿಗಳಲ್ಲಿ ಇಷ್ಟೊಂದು ಕಾಣಿಸುವುದಕ್ಕೆ ಕಾರಣವಿದೆ. ನಾನು ಕಂಡ ಯಂತ್ರಗಳಲ್ಲಿ ಕನ್ನಡ ಹೊಡೆಯಲು ಬಳಸುವ ನುಡಿ ತಂತ್ರಾಂಶವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಿಸುವುದು ಇದೇ ಸ್ಕ್ರೋಲ್ ಲಾಕ್ ಕೀಯಿಂದ. ಎಲ್ಲ ಆವೃತ್ತಿಗಳಿಗೂ ಈ ಮಾತು ಹೊಂದುತ್ತದೆ ಎಂದು ಹೇಳಲಾರೆ. ಗುಮಾಸ್ತರು ರೈತರ ಹೆಸರನ್ನು ಕನ್ನಡದಲ್ಲಿ ಹೊಡೆಯಲೆಂದು ಅದನ್ನು ಒತ್ತುತ್ತಾರೆ, ಅದೇ ಗಳಿಗೆಯಲ್ಲಿ ಎಕ್ಸೆಲ್ಲಿಗೂ ಆಜ್ಞೆ ಹೋಗಿರುತ್ತದೆ. ಹೀಗಾಗಿ "ಏನೂ ಒತ್ತಿಲ್ರಿ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಅವರು ಭಾಷೆ ಬದಲಿಸಿದ್ದಾರೆ, ಅಷ್ಟೇ.

ಹೊಸ ಕೀಬೋರ್ಡ್ ಕೊಂಡರೂ ಗುಣವಾಗದಿರುವುದೇಕೆ ಎಂಬುದನ್ನು ನಾನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ವಿಂಡೋಸ್‌ನಲ್ಲಿ ಈ ಲಾಕ್ ಬಿದ್ದಿದೆಯೋ ಇಲ್ಲವೋ ಎಂಬ ನೆನಪು ಇರುವುದು ಕಂಪ್ಯೂಟರಿನಲ್ಲಿ, ಕೀಬೋರ್ಡಿನಲ್ಲಲ್ಲ. ಎಷ್ಟೇ ದುಡ್ಡಿನ ಹೊಸ ಕೀಬೋರ್ಡನ್ನು ತಂದು ಚುಚ್ಚಿದರೂ ಹಳೆಯ ಸ್ಥಿತಿಯೇ ಮುಂದುವರಿಯುತ್ತದೆ. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಸಾಮಾನ್ಯವಾಗಿ ಲಾಕ್ ಬಿಡುತ್ತದೆ, ಅದರಿಂದ ಫಾರ್ಮ್ಯಾಟ್ ಮಾಡಿದವನಿಗೆ ಪುಕ್ಕಟೆ ಕೀರ್ತಿ ಸಿಗುತ್ತದೆ. ಮರುದಿನ ಮೊದಲ ಕನ್ನಡ ಹೆಸರು ಹೊಡೆಯುವ ಹೊತ್ತಿಗೆ ಮತ್ತೆ ಅದೇ ರಗಳೆ.

ಇದರ ನಿಜವಾದ ಅಪಾಯ ಬೇರೆಯೇ ಇದೆ. ಹಾಳೆ ಕೆಳಗೆ ಸರಿದು ಹೋದಾಗ ತಾನು ಇನ್ನೂರನೆಯ ಸಾಲಿನಲ್ಲಿದ್ದೇನೆಂದು ಭಾವಿಸಿ ಕಬ್ಬಿನ ತೂಕ ಹೊಡೆದರೆ, ಆ ಅಂಕಿ ಹೋಗಿ ಬೀಳುವುದು ಮೇಲೆಲ್ಲೋ ಉಳಿದ ಹಳೆಯ ಸೆಲ್ಲಿನಲ್ಲಿ, ಅಲ್ಲಿದ್ದ ಇನ್ನೊಬ್ಬ ರೈತನ ತೂಕವನ್ನು ಅಳಿಸಿ. ಸಂಶಯ ಬಂದೊಡನೆ ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಪೇಸ್ ಒತ್ತಿದರೆ ನೀವು ನಿಜವಾಗಿ ನಿಂತ ಸೆಲ್ ಕಣ್ಣೆದುರು ಬರುತ್ತದೆ. ಕನ್ನಡ ಹೊಡೆಯುವಾಗ ಬಾಣದ ಗೊಡವೆ ಬಿಟ್ಟು ಟ್ಯಾಬ್, ಎಂಟರ್‌ಗಳಿಂದ ಸರಿಯುವುದು ಒಳ್ಳೆಯದು, ಅವುಗಳನ್ನು ಸ್ಕ್ರೋಲ್ ಲಾಕ್ ತಡೆಯುವುದಿಲ್ಲ.

ಲಾಕ್ ಬಿಡಿಸಲು ಅದೇ ಕೀಯನ್ನು ಮತ್ತೊಮ್ಮೆ ಒತ್ತಿದರೆ ಸಾಕು; ಲ್ಯಾಪ್‌ಟಾಪಿನಲ್ಲಿ ಆ ಕೀಯೇ ಇಲ್ಲದಿದ್ದರೆ ವಿಂಡೋಸ್ ಜೊತೆಗೇ ಬರುವ ಪರದೆಯ ಮೇಲಿನ ಕೀಬೋರ್ಡ್ ತೆರೆದು ಅಲ್ಲಿ ಒತ್ತಬಹುದು.

ಕಳೆದ ವರ್ಷ ಒಂದು ಪತ್ತಿನ ಸಂಘದಲ್ಲಿ ಇದನ್ನೆಲ್ಲ ಅರ್ಧ ಗಂಟೆ ವಿವರಿಸಿ, ಚಹಾ ಕುಡಿದು ಬಂದಿದ್ದೆ. ವಾರದೊಳಗೆ ಅಲ್ಲಿನ ವ್ಯವಸ್ಥಾಪಕರು ಫೋನ್ ಮಾಡಿ, "ಸರ್ರ, ಈಗ ಕನ್ನಡಾನ ಬರವಲ್ದು ನೋಡ್ರಿ" ಎಂದರು. ಹೋಗಿ ನೋಡಿದರೆ, ಎಲ್ಲ ತಂಟೆಗೂ ಮೂಲ ಆ ಕೀಯೇ ಎಂದು ನಾನು ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಂಡ ಅವರು ಸ್ಕ್ರೂಡ್ರೈವರಿನಿಂದ ಅದನ್ನು ಎಬ್ಬಿಸಿ ತೆಗೆದು, ಕಳೆಯಬಾರದೆಂದು ತಿಜೋರಿಯಲ್ಲಿ ಇಟ್ಟಿದ್ದರು.